ಬೈಸಿಕೊಳ್ಳಲೊಬ್ಬ ಬೀಗ

ನಾನು ಡಾಕ್ಟರೇಟ್ ಮಾಡುವುದು ಆಗಹೋಗದ ಮಾತು ಎಂದು ಮೊಟ್ಟಮೊದಲು ಹೇಳಿದವರು ನಮ್ಮ ಅಕ್ಕನ ಮಾವ ಹಾಲೇಶಪ್ಪನವರು. ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯಾದ ಸಂಗತಿ ಕಚೇರಿಗೆ ಗೊತ್ತಿದೆ, ಅವರಿಗೆ ಇನ್ನೂ ಯಾರೂ ತಿಳಿಸಿದಂತಿಲ್ಲ. ಅಕ್ಕನ ಮನೆಯ ಸೋಫಾದಲ್ಲಿ ಕೂತು, ಕಾಫಿ ಲೋಟವನ್ನು ಸೀಲು ಹೊಡೆದ ಹಾಗೆ ಟೀಪಾಯಿಯ ಮೇಲೆ ಕುಕ್ಕಿ ಹೇಳಿದ್ದರು: "ನೋಡಮ್ಮ, ಡಿಗ್ರಿ ಮಾಡಿದೆ, ಎಂ.ಎ. ಮಾಡಿದೆ, ಸಾಕು. ಪಿಎಚ್‌ಡಿ ಅಂದ್ರೆ ಮನೆತನದಲ್ಲಿ ಓದು ಇರೋರಿಗೆ. ಅದೂ ಹಾಡು ರೆಕಾರ್ಡ್ ಮಾಡ್ಕೊಂಡು ಪಿಎಚ್‌ಡಿ ಅಂತೆ! ಮದುವೆ ಮನೇಲಿ ವಿಡಿಯೋದವ್ನೂ ಅದೇ ಕೆಲಸ ಮಾಡ್ತಾನೆ. ಅವನಿಗೆ ಯಾರು ಡಾಕ್ಟರ್ ಅಂತಾರೆ?"

ಈ ಮಾತು ಇವತ್ತು ಬೆಳಿಗ್ಗೆ ನೆನಪಾದದ್ದು ಒಂದು ಸ್ಪಂಜಿನ ಟೋಪಿಯಿಂದ. ಮೈಕಿಗೆ ಗಾಳಿ ಹೊಡೆಯದಿರಲಿ ಎಂದು ಅದರ ತಲೆಗೆ ಹಾಕುತ್ತಾರಲ್ಲ, ಆ ಕರೀ ಟೋಪಿ. ತೊಳೆದು ಬಿಸಿಲಿಗೆ ಇಡೋಣವೆಂದು ಕೈಗೆತ್ತಿಕೊಂಡರೆ ಎಲೆಯಡಿಕೆ, ಸುಣ್ಣ, ಹೊಗೆಸೊಪ್ಪಿನ ವಾಸನೆ ಗಮ್ಮೆಂದು ಬಂತು. ಅಂಗಡಿಯವನು ಇದನ್ನು ಮಾರುವಾಗ ಸ್ಟುಡಿಯೋದ ಸಾಮಾನು ಮೇಡಂ, ಸೂಕ್ಷ್ಮ ಅಂದಿದ್ದ. ನಮ್ಮ ಸೋದರತ್ತೆ ರುದ್ರತ್ತೆಯ ಬಾಯಿ ಸ್ಟುಡಿಯೋ ಕಂಡದ್ದಲ್ಲ. ಆಕೆ ಮೈಕನ್ನು ಕಿವುಡರ ಕಿವಿ ಎಂದುಕೊಂಡು ಹತ್ತಿರಕ್ಕೆಳೆದು ಹಾಡುವವಳು. ಹಾಗಾಗಿ ನನ್ನ ಉಪಕರಣಗಳೆಲ್ಲ ತಾಂಬೂಲ ಹಾಕಿಕೊಂಡಿವೆ. ತೊಳೆಯದೆ ಹಾಗೇ ಇಟ್ಟುಬಿಟ್ಟೆ.

ನಮ್ಮದು ಭದ್ರಾವತಿ. ಅಪ್ಪನ ಹುಟ್ಟೂರು ಮಲವಗೊಪ್ಪದ ಕಡೆ. ಇದ್ದ ಹೊಲ ದಾಯಾದಿಗಳ ಪಾಲಾಗಿ ಅಪ್ಪ ಕಾರ್ಖಾನೆಯಲ್ಲಿ ಕಂಟ್ರಾಕ್ಟಿನ ಮೇಲೆ ಕೆಲಸಕ್ಕೆ ಸೇರಿದರು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಕಾಲೇಜಿನ ಗೇಟು ದಾಟಿರಲಿಲ್ಲ. ಅಕ್ಕನನ್ನು ಹೈಸ್ಕೂಲಿಗೇ ನಿಲ್ಲಿಸಿ ಮದುವೆ ಮಾಡಿದರು. ನಾನು ಹಟ ಹಿಡಿದು ದಿನಾ ಬೆಳಿಗ್ಗೆ ಖಾಸಗಿ ಬಸ್ಸಿನಲ್ಲಿ ನೇತಾಡಿಕೊಂಡು ಶಿವಮೊಗ್ಗಕ್ಕೆ ಹೋಗಿ ಓದಿದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ವಿನಯ ಗಿನಯ ಎಲ್ಲ ತಾತನ ಕಾಲದಿಂದ ಓದಿಕೊಂಡು ಬಂದವರಿಗೆ ಚೆಂದ. ನಮ್ಮಂಥವರು ಸುಮ್ಮನಿದ್ದರೆ ಓದಿದ್ದೇವೆ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ. ಎಂ.ಎ. ಪಾಸಾದ ವಾರದಲ್ಲೇ ಮನೆಯ ಬಾಗಿಲಿಗೆ ನನ್ನ ಹೆಸರು, ಅದರ ಮುಂದೆ ಡಿಗ್ರಿ ಹಾಕಿಸಿ ಬೋರ್ಡು ಹೊಡೆದವಳು ನಾನು. ಪಕ್ಕದ ಮನೆಯ ತಮಿಳು ಪಾಟಿ ಅದನ್ನು ನೋಡಿ, ನಾನು ಡಾಕ್ಟರಮ್ಮ ಆದೆನೆಂದು ತಿಳಿದು, ಮೊಮ್ಮಗುವಿನ ಕೆಮ್ಮಿಗೆ ಔಷಧಿ ಕೇಳಲು ಬಂದಿದ್ದರು. ಆಗಿನ್ನೂ ಯಾವ ಡಾಕ್ಟರೂ ಅಲ್ಲದ ನಾನು ಗತ್ತಿನಿಂದಲೇ ಶುಂಠಿ ಕಷಾಯ ಹೇಳಿ ಕಳಿಸಿದೆ.

ಬಾಲ್ಯದಲ್ಲಿ ಅಜ್ಜಿಯ ಮಡಿಲಲ್ಲಿ ಜಾನಪದ ಕೇಳುತ್ತ ಬೆಳೆದೆ ಎಂದು ಮುನ್ನುಡಿ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಬೆಳೆದದ್ದು ಕಾರ್ಖಾನೆಯ ಸೈರನ್ ಕೇಳಿಕೊಂಡು, ಪಕ್ಕದ ಮನೆಯ ಟಿವಿ ಕೇಳಿಕೊಂಡು. ಹಾಡು ಅಂತ ನನ್ನ ಕಿವಿಗೆ ಬಿದ್ದದ್ದು ಅಪ್ಪನ ಅಕ್ಕ ರುದ್ರತ್ತೆ ಮದುವೆಗಳಲ್ಲಿ ಹೇಳುತ್ತಿದ್ದ ಸೋಬಾನೆ. ಅದೂ ಇಷ್ಟಪಟ್ಟು ಕೇಳಿದ್ದಲ್ಲ. ಅತ್ತೆಯ ದನಿ ಅಂಥದ್ದು, ಕಿವಿ ಮುಚ್ಚಿಕೊಂಡರೂ ಒಳಗೆ ಬರುತ್ತಿತ್ತು. ರುದ್ರತ್ತೆಯನ್ನು ನೀವು ಮುಗ್ಧ ಹಳ್ಳಿಯ ಗಾಯಕಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ಹಾಡಲು ಕರೆದರೆ ಮನೆ ಬಾಗಿಲಿಗೆ ಆಟೋ ಬರಬೇಕು. ಕೂರಲು ಕೈ ಇರುವ ಕುರ್ಚಿಯೇ ಬೇಕು. ಜೊತೆಗೆ ದನಿಗೂಡಿಸುವ ಪಾರ್ವತಮ್ಮ ತನಗಿಂತ ಜೋರಾಗಿ ಹಾಡಿದರೆ ಅಲ್ಲೇ ಹಾಡು ನಿಲ್ಲಿಸಿ, "ನೀನೇ ಹೇಳ್ಕೊಳೇ ಹಂಗಾದ್ರೆ" ಎಂದು ಎಲೆಯಡಿಕೆಯ ಚೀಲ ಬಿಚ್ಚುತ್ತಾಳೆ. ಪಾರ್ವತಮ್ಮನ ಪ್ರಕಾರ ಅತ್ತೆಯ ಹಾಡುಗಳೆಲ್ಲ ಪಾರ್ವತಮ್ಮನ ತವರಿನಿಂದ ಕದ್ದವು. ಈ ವ್ಯಾಜ್ಯ ನಾನು ಹುಟ್ಟುವ ಮುಂಚಿನಿಂದ ನಡೆಯುತ್ತಿದೆ.

ಸಂಶೋಧನೆಗೆ ನಾನು ಆರಿಸಿಕೊಂಡದ್ದು ಬೀಗರ ಪದ. ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಅಪ್ಪ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಹಾಡಿನಲ್ಲೇ ಹಂಗಿಸುತ್ತಾರೆ. ಅವರ ಮೂಗು, ಹೊಟ್ಟೆ, ಜಿಪುಣತನ, ಉಂಡ ರೀತಿ, ತಂದ ಸೀರೆಯ ಬಣ್ಣ, ಯಾವುದನ್ನೂ ಬಿಡುವುದಿಲ್ಲ. ಅವರಿಗೆ ತಾಕತ್ತಿದ್ದರೆ ತಿರುಗಿ ಹಾಡುತ್ತಾರೆ. ಅಷ್ಟೆಲ್ಲ ಬೈದಾಡಿ ಕೊನೆಗೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ. ಇದರ ಮೇಲೆ ಪ್ರಬಂಧ ಬರೆಯಬೇಕಾದರೆ ಹಾಡುಗಳ ದನಿ ನನ್ನ ಬಳಿ ಇರಬೇಕು. ದನಿ ಇಲ್ಲವೆಂದರೆ ಪ್ರಬಂಧ ಇಲ್ಲ, ಪ್ರಬಂಧ ಇಲ್ಲವೆಂದರೆ ನಾನು ಹಾಲೇಶಪ್ಪನವರ ಸೋಫಾದ ಎದುರು ತಲೆ ತಗ್ಗಿಸಿಕೊಂಡು ಕಾಫಿ ಕುಡಿಯಬೇಕು.

ಇನ್ನು ನನ್ನ ಗೈಡು. ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೆ ಖುಷಿಯಾಗುತ್ತದೆ. ಖಾದಿ ಜುಬ್ಬ, ಹೆಗಲಿಗೆ ಕಸೂತಿಯ ಚೀಲ, ಭಾಷಣದ ಆರಂಭಕ್ಕೆ ಒಂದು ರಾಗ, ಇಷ್ಟಿದ್ದರೆ ಜಾನಪದ ತಜ್ಞರಾಗಲು ನಮ್ಮಲ್ಲಿ ಇನ್ನೇನೂ ಬೇಕಾಗಿಲ್ಲ. ಹಾಡುವ ಹೆಂಗಸರನ್ನು ಅವರು ವಕ್ತೃಗಳು ಎನ್ನುತ್ತಾರೆ. ಎದುರಿಗಿದ್ದಾಗಲೂ ಅಷ್ಟೇ. "ವಕ್ತೃಗಳಿಗೆ ಕಾಫಿ ಕೊಟ್ಟಾಯ್ತಾ?" ಎಂದು ಕೇಳುವುದನ್ನು ನಾನೇ ಕೇಳಿದ್ದೇನೆ. ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಅವರು ಕೂತು ಕೇಳಿದ್ದನ್ನು ಮಾತ್ರ ನೋಡಿಲ್ಲ. ಎರಡನೇ ಸೊಲ್ಲಿಗೇ ಕಣ್ಣು ಮುಚ್ಚಿ ತಲೆದೂಗಿ, "ಆಹಾ, ಏನು ಜೀವದ್ರವ್ಯ!" ಎಂದು ಎದ್ದು ಫೋನಿಗೆ ಹೋಗುವುದು ಅವರ ಪದ್ಧತಿ.

ಈ ಮಹಾನುಭಾವರು ಹಿಂದೊಮ್ಮೆ ರುದ್ರತ್ತೆಯ ತಂಡವನ್ನು ಶಿವಮೊಗ್ಗಕ್ಕೆ ಕರೆಸಿ, ಎ.ಸಿ. ಹಾಕಿದ ಸಭಾಂಗಣದಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೈಕಿಟ್ಟು, "ಹೂಂ, ಬೀಗರ ಪದ ಹೇಳಿ" ಎಂದಿದ್ದರಂತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಸೆರಗು ಸರಿಮಾಡಿಕೊಂಡರು, ಕೆಮ್ಮಿದರು. ಒಬ್ಬಳೂ ಬಾಯಿ ಬಿಡಲಿಲ್ಲ. ಇವರು ಮಧ್ಯಾಹ್ನದ ಊಟ ಹಾಕಿಸಿ, ಶಾಲು ಹೊದಿಸಿ, ಬಸ್ಸು ಹತ್ತಿಸಿದರು. ಆಮೇಲೆ ತಮ್ಮ ಪುಸ್ತಕದಲ್ಲಿ ಈ ಭಾಗದಲ್ಲಿ ಬೀಗರ ಪದಗಳು ಸಂಪೂರ್ಣ ಅಳಿದುಹೋಗಿವೆ ಎಂದು ಬರೆದರು. ಹೆಂಗಸರು ಅವತ್ತು ಸುಮ್ಮನಿದ್ದರೆಂದು ಒಂದು ಜಾತಿಯ ಹಾಡನ್ನೇ ಸ್ಮಶಾನಕ್ಕೆ ಕಳಿಸಿದ ವಿದ್ವಾಂಸರು ಇವರು. ಆ ವಾಕ್ಯವನ್ನು ಓದಿದವರು ತಮ್ಮ ಪುಸ್ತಕಗಳಲ್ಲಿ ಎತ್ತಿಕೊಂಡರು. ನಮ್ಮಲ್ಲಿ ಹೋಗಿ ನೋಡುವುದಕ್ಕಿಂತ ಎತ್ತಿ ಬರೆಯುವುದು ಸುಲಭ.

ನಾನು ಈ ವಿಷಯ ಹಿಡಿದು ಹೋದಾಗ ಅವರು ನಕ್ಕರು. "ಸತ್ತೋಗಿರೋದನ್ನ ಏನು ರೆಕಾರ್ಡ್ ಮಾಡ್ತೀಯಮ್ಮ?"

"ಇದೆ ಸರ್. ನಮ್ಮತ್ತೆಗೆ ಬರುತ್ತೆ."

"ನಿಮ್ಮತ್ತೆಗೆ ಬಂದಿದ್ರೆ ಅವತ್ತೇ ಹಾಡ್ತಿದ್ರಲ್ಲ. ಇರ್ಲಿ, ದನಿ ತಂದು ಕೇಳಿಸು. ಅವಧಿ ಮುಗಿಯೋದ್ರೊಳಗೆ ಕೇಳಿಸ್ಲಿಲ್ಲ ಅಂದ್ರೆ ನಾನು ಸಹಿ ಹಾಕಲ್ಲ. ಆಮೇಲೆ ನನ್ನ ಬೈಕೋಬೇಡ."

ಬೈಕೊಂಡೆ. ಬಸ್ಸಿನಲ್ಲಿ ಮಲವಗೊಪ್ಪ ಬರುವವರೆಗೂ ಬೈಕೊಂಡೆ. ಅಲ್ಲೇ ಇಳಿದು ಅತ್ತೆಯ ಮನೆಗೆ ಹೋಗಿ ಮೈಕು ಜೋಡಿಸಿ ಕೂತೆ. ಆರತಿ ಹಾಡು ಬಂತು, ಶಾಸ್ತ್ರದ ಹಾಡು ಬಂತು, ತೊಟ್ಟಿಲ ಹಾಡು ಕೇಳದೆಯೇ ಬಂತು. ಬೀಗರ ಪದ ಎಂದ ಕೂಡಲೇ ಅತ್ತೆ ಬಾಯಿಗೆ ಇನ್ನೊಂದು ಎಲೆ ಹಾಕಿಕೊಂಡಳು.

"ಹೇಳತ್ತೆ."

"ಯಾರಿಗೆ ಬೈಲೇ? ಗೋಡೆಗಾ?"

"ಬೀಗರು ಇದ್ದಾರೆ ಅಂದ್ಕೊಂಡು ಹೇಳು."

"ಅಂದ್ಕೊಂಡು ಬೈಯೋಕಾಗುತ್ತಾ ಮಾರಾಯ್ತಿ! ಎದುರಿಗೆ ಬೀಗ ಇಲ್ದೆ ಬೈದ್ರೆ ಆ ಬೈಗುಳ ಎಲ್ಲಿಗೆ ಹೋಗುತ್ತೆ? ಮನೇಲೇ ಉಳ್ಕೊಳುತ್ತೆ. ತಿರುಗಾ ನಮಗೇ ತಗಲುತ್ತೆ. ಆ ಜುಬ್ಬದಪ್ಪನೂ ಹಿಂಗೇ ಅಂದ. ಅವ್ನೇನು ನಂಗೆ ಬೀಗನಾ?"

ಅವತ್ತು ಸಭಾಂಗಣದಲ್ಲಿ ಹೆಂಗಸರ ಬಾಯಿ ಯಾಕೆ ಕಟ್ಟಿತ್ತು ಎಂಬುದು ಅಲ್ಲಿಗೆ ನನಗೆ ತಿಳಿಯಿತು. ತಿಳಿದು ಏನು ಪ್ರಯೋಜನ? ನಿಜವಾದ ಬೀಗರೇ ಬೇಕು, ಎದುರಿಗೇ ಕೂರಬೇಕು. ನಾಟಕದ ಬೀಗರಾದರೆ ಅತ್ತೆ ಒಪ್ಪುವವಳಲ್ಲ. ಹಾಗಾದರೆ ಮದುವೆಗಳಿಗೇ ಹೋಗೋಣವೆಂದು ಹೊರಟೆ. ಶಿವಮೊಗ್ಗ ಭದ್ರಾವತಿಯ ಛತ್ರಗಳನ್ನೆಲ್ಲ ಸುತ್ತಿದೆ. ಆಮಂತ್ರಣ ಇದ್ದ ಮದುವೆ, ಇಲ್ಲದ ಮದುವೆ, ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ನನಗೇ ಗೊತ್ತಿಲ್ಲದ ಮದುವೆ. ಕೊರಳಲ್ಲಿ ಹೆಡ್‌ಫೋನ್ ನೋಡಿ ಎಲ್ಲರೂ ನನ್ನನ್ನು ವಿಡಿಯೋದವನ ಅಸಿಸ್ಟೆಂಟ್ ಎಂದುಕೊಂಡರು. "ಏನಮ್ಮ, ಆ ಲೈಟು ಸ್ವಲ್ಪ ಎತ್ತಿ ಹಿಡ್ಕೋ" ಎಂದು ಕೈಗೆ ಲೈಟು ಕೊಟ್ಟವರಿದ್ದಾರೆ. ಹಿಡಿದಿದ್ದೇನೆ. ಎಂ.ಎ. ಮೊದಲ ದರ್ಜೆಯ ಕೈಯಲ್ಲಿ ಆ ಲೈಟು ಏನೂ ಕಡಿಮೆ ಬೆಳಗಲಿಲ್ಲ.

ಆದರೆ ಹಾಡೆಲ್ಲಿ? ಆರ್ಕೆಸ್ಟ್ರಾದವರ ಸ್ಪೀಕರು ತಾಳಿ ಕಟ್ಟುವವನ ಕೈಯನ್ನೇ ನಡುಗಿಸುವಂತಿರುತ್ತದೆ. ಗಂಡಿನ ಅಪ್ಪ ಅಮ್ಮ ವೇದಿಕೆಯ ಮೇಲೆ ನಿಂತು, ಬಂದವರ ಜೊತೆ ಫೋಟೋ ತೆಗೆಸಿಕೊಂಡು, ಬಫೆಯ ಪಾಳಿಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಅವರನ್ನು ಕೂರಿಸಿ ಬೈಯಲು ಛತ್ರದಲ್ಲಿ ಜಾಗವೂ ಇಲ್ಲ, ಹೊತ್ತೂ ಇಲ್ಲ. ಸಂಜೆಗೆ ಇನ್ನೊಬ್ಬರ ರಿಸೆಪ್ಷನ್ನಿಗೆ ಹಾಲ್ ಬಿಟ್ಟುಕೊಡಬೇಕು. ನನ್ನ ರೆಕಾರ್ಡರಿನ ತುಂಬ ಸಿನಿಮಾ ಹಾಡು, ಪಾತ್ರೆ ಸದ್ದು, "ಪಾಯಸ ಈ ಕಡೆ ಬರ್ಲಿ" ಎಂಬ ಕೂಗು ತುಂಬಿಕೊಂಡವು. ಅವಧಿ ಕರಗುತ್ತ ಬಂತು. ಗೈಡು ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ, "ಏನಮ್ಮ, ಹೆಣ ಎದ್ದು ಹಾಡ್ತಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು.

ಆಗ ಅಮ್ಮ ಒಂದು ದಿನ ರೊಟ್ಟಿ ತಟ್ಟುತ್ತ, ಏನೋ ಸಾಮಾನಿನ ಮಾತಾಡುವಂತೆ ಹೇಳಿದಳು. "ಬೀಗರು ಬೇಕು ಬೀಗರು ಬೇಕು ಅಂತೀಯ. ನಮ್ಮ ಬೀಗರು ಶಿವಮೊಗ್ಗದಲ್ಲೇ ಇಲ್ವೇನೇ?"

ನೀವು ನಗಬಹುದು. ಆ ಮನುಷ್ಯ ನನಗೆ ಹೊಳೆದಿರಲೇ ಇಲ್ಲ. ಹಾಲೇಶಪ್ಪನವರೆಂದರೆ ನಮ್ಮ ಮನೆಯಲ್ಲಿ ಬೀಗರು ಅಲ್ಲ, ಸಾಹೇಬರು. ಅಪ್ಪ ಅವರೆದುರು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಬಾಯ್ತುಂಬ ಬೀಗರೇ ಎಂದು ಕರೆಯುವ ಬದಲು ಸಾರ್ ಎನ್ನುತ್ತಿದ್ದರು. ಆ ಸಾರ್ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅವರೋ, ನಮ್ಮ ಮನೆಗೆ ಬಂದರೆ ನೀರನ್ನೂ ಪರೀಕ್ಷೆ ಮಾಡಿ ಕುಡಿಯುವವರು. ಗೋಡೆಯ ಬಣ್ಣ ಸರಿಯಿಲ್ಲ, ಮಿಕ್ಸಿಯ ಸದ್ದು ಸರಿಯಿಲ್ಲ, ಈ ಹುಡುಗಿಯ ಓದು ಸರಿಯಿಲ್ಲ. ಹಬ್ಬಕ್ಕೆ ಕಳಿಸಿದ ಕಡುಬಿನಲ್ಲಿ ಬೆಲ್ಲ ಕಡಿಮೆ. ಅಕ್ಕನಿಗೇನೂ ಕಷ್ಟ ಕೊಟ್ಟವರಲ್ಲ, ಅದನ್ನು ಒಪ್ಪಬೇಕು. ಕೊಂಕೆಲ್ಲ ನಮಗೆ, ಅಂದರೆ ಅಕ್ಕನ ತವರಿಗೆ. ಕಚೇರಿಯ ಅಭ್ಯಾಸ ಎಂದು ನಾವು ಸಹಿಸಿಕೊಂಡಿದ್ದೆವು.

ಹೋಗಿ ಕೇಳಿದೆ. ಬೇರೆ ದಾರಿ ಇರಲಿಲ್ಲ. ನನ್ನಿಂದ ಆಗುವುದಿಲ್ಲ ಎಂದವರ ಮುಂದೆಯೇ ಹೋಗಿ, ಆಗಲು ನೀವೇ ಬೇಕು ಎನ್ನುವುದು ಎಂಥ ಗತಿ ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಒಳಗೆ ಹೋಗಿ, ಕೈ ಕಟ್ಟಿ, "ಮಾವ, ಒಂದು ದಿನ ಭದ್ರಾವತಿಗೆ ಬಂದು ಕೂರ್ಬೇಕು. ನಮ್ಮತ್ತೆ ಬೀಗರ ಪದ ಹೇಳ್ತಾಳೆ. ನನ್ನ ಓದಿಗೆ ಬೇಕು" ಎಂದೆ.

ಅವರು ಪೇಪರು ಮಡಿಚಿದರು. ನಾನು ಭಾಷಣಕ್ಕೆ ಸಿದ್ಧಳಾದೆ.

"ಅಂದ್ರೆ, ನನ್ನ ಬೈತಾರೆ."

"ಹೂಂ ಮಾವ. ಶಾಸ್ತ್ರಕ್ಕೆ."

"ನಿಮ್ಮತ್ತೆಗೆ ಈಗ ಪುರುಸೊತ್ತಾಯ್ತಾ ನನ್ನ ಬೈಯೋಕೆ?"

ಆ ದನಿಯಲ್ಲಿ ಸೂಪರಿಂಟೆಂಡೆಂಟ್ ಇರಲಿಲ್ಲ.

"ನನ್ನ ಮಗನ ಮದುವೇಲಿ ಹಸೆ ಮುಂದೆ ಕಾದು ಕೂತಿದ್ದೆ ಕಣಮ್ಮ. ಈಗ ಬೈತಾರೆ, ಇನ್ನೇನು ಬೈತಾರೆ ಅಂತ. ಹೊಸ ಪಂಚೆ ಬೇರೆ ಉಟ್ಟಿದ್ದೆ. ಊರಿಂದ ನಮ್ಮ ಅಣ್ಣತಮ್ಮಂದಿರೆಲ್ಲ ಬಂದಿದ್ರು. ರುದ್ರಮ್ಮ ಬಂದ್ರೆ ಬೀಗನ್ನ ಸುಮ್ನೆ ಬಿಡಲ್ಲ ಅಂತ ಎಲ್ರೂ ಹೇಳಿದ್ರು ನಂಗೆ. ನಿಮ್ಮ ಹೆಂಗಸ್ರು ಏನ್ಮಾಡಿದ್ರು? ಆರತಿ ಎತ್ತಿದ್ರು, ಊಟಕ್ಕೆ ಹೋದ್ರು. ನಮ್ಮಣ್ಣ ಎಲ್ಲರೆದುರಿಗೆ ಕೇಳ್ದ, 'ಏನೋ ಹಾಲೇಶಿ, ನಿನ್ನ ಬೀಗರು ನಿನ್ನ ಲೆಕ್ಕಕ್ಕೇ ಹಿಡಿದಿಲ್ವಲ್ಲೋ' ಅಂತ. ನಾನು ಎಲ್ಲಿ ಮುಖ ಇಟ್ಕೊಳ್ಳಿ?"

ಅಡುಗೆಮನೆಯಿಂದ ಅವರ ಹೆಂಡತಿ ಶಾರದಮ್ಮ, "ಅವತ್ತಿಂದ ನನ್ನ ತಲೆ ತಿಂತಾ ಇದ್ದಾರೆ. ಹೋಗಿ ಬೈಸ್ಕೊಂಡು ಬನ್ನಿ ಅತ್ಲಾಗೆ, ನಂಗಾದ್ರೂ ನೆಮ್ಮದಿ" ಎಂದರು.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಬೀಡಿ ಹಚ್ಚುವುದನ್ನು ನಿಲ್ಲಿಸಿದರು. "ನಾನೇ ಬೇಡ ಅಂದಿದ್ದೆ ಕಣೇ. ದೊಡ್ಡ ಆಫೀಸಿನೋರು, ಬೇಜಾರು ಮಾಡ್ಕೊಂಡ್ರೆ ಹುಡುಗಿಗೆ ತೊಂದ್ರೆ ಅಂತ. ನಿಮ್ಮತ್ತೆ ಬಾಯಿ ಮುಚ್ಸೋಕೆ ಎಷ್ಟು ಕಷ್ಟ ಬಿದ್ದೆ ಗೊತ್ತಾ?" ನೋಡಿ, ಗೌರವ ಕೊಟ್ಟೆವೆಂದು ನಾವು ಬೀಗಿದ್ದೆವು. ನಮ್ಮವರೆಂದು ಎಣಿಸಲಿಲ್ಲವೆಂದು ಅವರು ಉರಿದುಕೊಂಡಿದ್ದರು. ಇಷ್ಟು ವರ್ಷ ಎರಡು ಮನೆಗಳ ನಡುವೆ ಓಡಾಡಿದ ಆ ಬೆಲ್ಲ ಕಡಿಮೆಯ ಕಡುಬುಗಳನ್ನು ನೆನೆದು ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಷ್ಟಾಗಿಯೂ ಹಾಲೇಶಪ್ಪನವರ ಮೇಲೆ ಪ್ರೀತಿ ಉಕ್ಕಿತು ಎಂದೇನೂ ತಿಳಿಯಬೇಡಿ. ಬೈದಿಲ್ಲ ಎಂಬ ಸಿಟ್ಟಿಗೆ ನನ್ನ ಓದನ್ನು ಹಂಗಿಸಿದ ಮನುಷ್ಯ, ಅದೇ ಸಿಟ್ಟಿನಿಂದ ನನಗೆ ಉಪಯೋಗಕ್ಕೆ ಬರಲಿ ಎಂದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಬಂದರು. ಹಾಲೇಶಪ್ಪನವರದು ಹೊಸ ಪಂಚೆ, ಶಲ್ಯ. ಶಾರದಮ್ಮನವರದು ರೇಷ್ಮೆ ಸೀರೆ. ನಡುಮನೆಯಲ್ಲಿ ಜಮಖಾನ ಹಾಸಿ ಕೂರಿಸಿದೆವು. ಎದುರಿಗೆ ರುದ್ರತ್ತೆ ಕೈ ಇರುವ ಕುರ್ಚಿಯಲ್ಲಿ, ಪಕ್ಕದಲ್ಲಿ ಪಾರ್ವತಮ್ಮ, ಹಿಂದೆ ಉಳಿದವರು. ಪಕ್ಕದ ಮನೆಯ ಪಾಟಿ ಭಾಷೆ ಬಾರದಿದ್ದರೂ ಬೈಗುಳ ಎಂದ ಕೂಡಲೇ ಬಂದು ಮುಂದಿನ ಸಾಲಿನಲ್ಲೇ ಕೂತರು. ನಾನು ಫ್ಯಾನು ಆರಿಸಿ, ಹೆಡ್‌ಫೋನ್ ಹಾಕಿ, ಸೂಜಿ ಬಿದ್ದರೂ ಕೇಳುವಂಥ ನಿಶ್ಶಬ್ದಕ್ಕಾಗಿ ಕೈ ಎತ್ತಿದೆ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಎಲ್ಲರೂ ನಕ್ಕರು. ಅದೇ ನಗುವಿನ ಮೇಲೆ ಅತ್ತೆ ಎತ್ತಿದಳು:

ಆಪೀಸಿನ ಬೀಗ ಬಂದಾನೆ ಗತ್ತೀಲಿ
ಜೇಬಿನ ತುಂಬ ಪೆನ್ನುಗಳು
ಪೆನ್ನಲ್ಲಿ ಮಸಿಯಿಲ್ಲ, ಬೀಗಂಗೆ ಬರೆಯೋಕಿಲ್ಲ
ಕಿವಿಯ ತುರಿಸಾಕೆ ಇಟ್ಟವ್ನೆ

ಹಾಲೇಶಪ್ಪನವರ ಕೈ ಜೇಬಿಗೆ ಹೋಯಿತು. ಅಲ್ಲಿ ನಿಜವಾಗಿಯೂ ಪೆನ್ನುಗಳಿದ್ದವು. ಅವರ ಮುಖ ಕೆಂಪಾಯಿತು. ಇವರೀಗ ಎದ್ದು ಹೋದರೆ ನನ್ನ ಡಾಕ್ಟರೇಟೂ ಪಂಚೆಯ ಹಿಂದೆಯೇ ಬಾಗಿಲು ದಾಟುತ್ತದೆ. ಅವರು ಎದ್ದು ಹೋಗಲಿಲ್ಲ. ಇಡೀ ಮೈ ಅಲ್ಲಾಡಿಸಿಕೊಂಡು ನಕ್ಕರು. ಅವರು ನಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮೂಗು ಬಂತು, ಕನ್ನಡಕ ಬಂತು, ಗೋಡೆಯ ಬಣ್ಣ ಸರಿಯಿಲ್ಲವೆಂದದ್ದು ಬಂತು. ಅತ್ತೆ ಒಂದನ್ನೂ ಮರೆತಿರಲಿಲ್ಲ. ಎಲ್ಲಕ್ಕೂ ಸೊಲ್ಲು ಕಟ್ಟಿದಳು. "ಹೊಟ್ಟೆ ಬಿಟ್ಬಿಟ್ರಲ್ಲ ರುದ್ರಮ್ಮ, ಇಷ್ಟು ದೊಡ್ಡದು ಕಾಣ್ಸಲಿಲ್ವಾ?" ಎಂದು ಅವರೇ ನೆನಪು ಮಾಡಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಅಪ್ಪನತ್ತ ತಿರುಗಿ, "ಬೀಗ್ರೇ, ಅಲ್ಯಾಕೆ ನಿಂತ್ರಿ? ಬನ್ನಿ, ಇಲ್ಲಿ ಪಕ್ಕದಲ್ಲಿ ಕೂತ್ಕೊಳಿ" ಎಂದರು. ಅಪ್ಪ ಬಂದು ಜಮಖಾನದ ನಟ್ಟನಡುವೆ ಕೂತು, "ಆಯ್ತು ಬೀಗ್ರೇ" ಎಂದರು. ಸಾರ್ ಎನ್ನಲಿಲ್ಲ.

ಅಷ್ಟರಲ್ಲಿ, ಯಾವತ್ತೂ ಗಂಡನ ಹಿಂದೆ ನೆರಳಿನಂತಿರುತ್ತಿದ್ದ ಶಾರದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಬೊಚ್ಚುಬಾಯಿಯನ್ನು ಒಮ್ಮೆ ದಿಟ್ಟಿಸಿ ನೋಡಿ ಶುರುಮಾಡಿದರು:

ಬೀಗರ ಮನೆ ಹೋಳ್ಗೆ ಬಿಸಿಲಾಗೆ ಒಣಗೀತು
ಮುದುಕಮ್ಮ ಕೂತು ಕಡಿದಾಳೆ
ಕಡಿಯಾಕೆ ಹೋದೋಳ ಇದ್ದೊಂದು ಹಲ್ಲೂನು
ಹೋಳ್ಗೆಯ ಒಳಗೆ ಉಳಿದೀತು

ಮನೆ ಎದ್ದು ಕುಣಿಯಿತು. ಪಾರ್ವತಮ್ಮನ ನಗು ಎಲ್ಲರಿಗಿಂತ ಜೋರಾಗಿತ್ತು. ಅತ್ತೆ "ಅಯ್ಯೋ ಇವ್ಳ! ಇಷ್ಟು ದಿನ ಈ ಬಾಯಿ ಎಲ್ಲಿಟ್ಟಿದ್ಯೇ ಬೀಗಿತ್ತಿ?" ಎಂದು ಮೈಕನ್ನು ಇನ್ನೂ ಹತ್ತಿರಕ್ಕೆಳೆದುಕೊಂಡಳು. ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಅದು ನಿಲ್ಲಲಿಲ್ಲ. ರೆಕಾರ್ಡರಿನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ ಹೊಡೆದುಕೊಳ್ಳುತ್ತಿತ್ತು. ಸಂಶೋಧಕಿಯಾದ ನಾನು ಅದನ್ನು ತಗ್ಗಿಸುವುದು ಬಿಟ್ಟು ಕಣ್ಣೀರು ಬರುವಷ್ಟು ನಗುತ್ತಿದ್ದೆ. ಆ ನಗುವೂ ರೆಕಾರ್ಡಾಗಿದೆ. ಕತ್ತೆ ಅರಚಿದಂತಿದೆ.

ದನಿಯನ್ನು ಗೈಡಿಗೆ ಕೇಳಿಸಿದೆ. ಅವರು ಪದ್ಧತಿಯಂತೆ ಎರಡನೇ ಸೊಲ್ಲಿಗೆ ಕಣ್ಣು ಮುಚ್ಚಲಿಲ್ಲ, ಕಣ್ಣು ಬಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ತುಂಬಾ ಗಲಾಟೆ ಇದೆಯಲ್ಲಮ್ಮ. ಕುಕ್ಕರು, ನಗು, ಯಾರೋ ತಮಿಳಿನಲ್ಲಿ ಏನೋ ಕೇಳ್ತಿದ್ದಾರೆ. ಇದನ್ನೆಲ್ಲ ಕತ್ತರಿಸಿ ಶುದ್ಧ ಪಠ್ಯ ಮಾತ್ರ ಉಳಿಸು. ಮತ್ತೆ ಇದು ನೀನು ಏರ್ಪಾಡು ಮಾಡಿಸಿದ್ದು. ಸಹಜ ಸಂದರ್ಭ ಅಲ್ಲ."

"ನೀವು ಸಭಾಂಗಣದಲ್ಲಿ ಮಾಡಿದ್ದು ಸಹಜ ಸಂದರ್ಭನಾ ಸರ್? ಇವರು ನಮ್ಮ ನಿಜವಾದ ಬೀಗರು. ಬೈಸ್ಕೊಳ್ಳೋದು ಬಾಕಿ ಇತ್ತು, ಬೈಸ್ಕೊಂಡ್ರು. ನಗು ಕತ್ತರಿಸಿದ್ರೆ ಉಳಿಯೋದು ಬರೀ ಜಗಳ."

ಅವರು ಕಿಟಕಿಯತ್ತ ನೋಡಿದರು. ನಾನು ಕದಲಲಿಲ್ಲ. ಕೊನೆಗೆ ಸಹಿ ಹಾಕಿದರು. ಸತ್ಯ ಕಂಡು ಮನಸ್ಸು ಬದಲಾಯಿಸಿದರು ಎಂದು ಬರೆಯಲು ನನಗೂ ಆಸೆ. ಆದರೆ ಅವರ ನಿವೃತ್ತಿ ಹತ್ತಿರವಿತ್ತು, ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದವರ ಸಾಲಿಗೆ ಇನ್ನೊಂದು ಹೆಸರು ಬೇಕಿತ್ತು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕುಕ್ಕರಿನ ಕೂಗಿಗೆ ನಕ್ಕು, ಹೋಳಿಗೆಯ ಹಾಡನ್ನು ಮತ್ತೊಮ್ಮೆ ಹಾಕಿಸಿಕೊಂಡರು. ನಮ್ಮ ಗೈಡು ಕೂಡಲೇ ಎದ್ದು ನಿಂತು, ಅಳಿದುಹೋಗಿದೆ ಎಂದುಕೊಂಡಿದ್ದ ಪ್ರಕಾರವನ್ನು ತಮ್ಮ ಮಾರ್ಗದರ್ಶನದಲ್ಲಿ ಪತ್ತೆಹಚ್ಚಲಾಗಿದೆ ಎಂದು 'ಲಾಗಿದೆ'ಯಲ್ಲೇ ಒಂದು ಭಾಷಣ ಮಾಡಿದರು. ಅಳಿದಿದೆ ಎಂದುಕೊಂಡವರು ಯಾರು ಎಂಬುದು ಆ ಭಾಷಣದಲ್ಲಿ ಬರಲಿಲ್ಲ. ಅತ್ತೆಗೆ ಇದನ್ನು ಹೇಳಿದೆ. "ಆ ಜುಬ್ಬದಪ್ಪಂಗೆ ಮಗನೋ ಮಗಳೋ ಇದ್ರೆ ನಮ್ಮ ಕಡೆ ಸಂಬಂಧ ನೋಡೇ. ಆಮೇಲೆ ನೋಡ್ಕೊಳೋಣ" ಎಂದಳು.

ಘಟಿಕೋತ್ಸವ ಆದದ್ದು ಮೊನ್ನೆ. ಒಳಗೆ ಬಿಡುವ ಪಾಸು ಅಪ್ಪ ಅಮ್ಮನಿಗೆ ಮಾತ್ರ ಸಿಕ್ಕಿತ್ತು. ನನಗೆ ಕೊಟ್ಟ ಗೌನು ಯಾರೋ ಎತ್ತರದವರದು, ನೆಲ ಗುಡಿಸುತ್ತಿತ್ತು. ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ವೇದಿಕೆ ಹತ್ತಿದೆ. ಹೆಸರು ಕರೆದರು, ಪ್ರಮಾಣಪತ್ರ ಕೈಗಿಟ್ಟರು, ಮುಂದಿನವರಿಗೆ ದಾರಿ ಬಿಡಿ ಎಂದು ಕಣ್ಣಲ್ಲೇ ಹೇಳಿದರು. ಅಷ್ಟೇ. ಬಸ್ಸಿನಲ್ಲಿ ನೇತಾಡಿದ ಅಷ್ಟು ವರ್ಷ, ಹಿಡಿದ ಅಷ್ಟು ಲೈಟು, ಎಲ್ಲ ಆ ಒಂದು ಗಳಿಗೆಯಲ್ಲಿ ಮುಗಿದುಹೋಯಿತು. ಅಮ್ಮ ಅಳುತ್ತಿದ್ದಳು. ಅಪ್ಪ ಹಿಂದಿನ ಸಾಲಿನವರಿಗೆ ವೇದಿಕೆಯೇ ಕಾಣದಂತೆ ಎದ್ದು ನಿಂತು ಚಪ್ಪಾಳೆ ತಟ್ಟಿ, ಸೆಕ್ಯುರಿಟಿಯವನಿಂದ ಬೈಸಿಕೊಂಡರಂತೆ.

ಹೊರಗೆ ಬಂದರೆ ಮರದ ಕೆಳಗೆ ಹಾಲೇಶಪ್ಪನವರು ನಿಂತಿದ್ದರು. ಪಾಸಿಲ್ಲದೆ ಗೇಟಿನಲ್ಲಿ ವಾದ ಮಾಡಿ ಸೋತು, ಬೆಳಗಿನಿಂದ ಅಲ್ಲೇ ಕಾದಿದ್ದರಂತೆ. "ಕೊಡು ಇಲ್ಲಿ" ಎಂದು ಕೈ ಚಾಚಿದರು. ಪ್ರಮಾಣಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಫೈಲು ಓದಿದ ಹಾಗೆ ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಏನಾದರೂ ತಪ್ಪು ಹುಡುಕುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಪಕ್ಕದಲ್ಲಿ ಇನ್ಯಾರದೋ ಅಪ್ಪ, ಹೂಮಾಲೆ ಹಿಡಿದು ತಮ್ಮ ಮಗನಿಗೆ ಕಾಯುತ್ತಿದ್ದವರು, "ಮಗಳಾ ಸಾರ್?" ಎಂದು ಕೇಳಿದರು.

ಹಾಲೇಶಪ್ಪನವರು ಪ್ರಮಾಣಪತ್ರವನ್ನು ಅವರ ಮುಖದ ಹತ್ತಿರ ಹಿಡಿದರು.

"ನಮ್ಮ ಹುಡುಗಿ. ನನ್ನನ್ನ ಬೈಸಿ ಬೈಸಿ ಡಾಕ್ಟರ್ ಆದೋಳು. ಓದಿ ನೋಡಿ ಬೇಕಾದ್ರೆ."